ಅಡವಿಗೆ ಕೆಟ್ಟ ಹೆಸರು ಬಂದದ್ದು ಹೇಗೆ?

(ರಂಗಂಪೇಟೆಯ ಶ್ರೋತೃಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹ ರೂಪ)



ಕನ್ನಡದಲ್ಲಿ 'ಕಾಡು' ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಮರಗಿಡಗಳ ಕಾಡು ಒಂದು. ಬೆನ್ನು ಬಿಡದೆ ಪೀಡಿಸು ಎಂಬ ಅರ್ಥದ ಕ್ರಿಯಾಪದ ಇನ್ನೊಂದು. ಇವೆರಡಕ್ಕೂ ಬೇರು ಒಂದೇ ಹೌದೋ ಅಲ್ಲವೋ ಎಂಬ ಚರ್ಚೆಯನ್ನು ಭಾಷಾ ಪಂಡಿತರಿಗೆ ಬಿಡೋಣ. ಜನರ ಮನಸ್ಸಿನಲ್ಲಿ ಮಾತ್ರ ಇವು ಎಂದೋ ಒಂದಾಗಿವೆ. ಹೆಣ ಸುಡುವ ಜಾಗಕ್ಕೆ 'ಸುಡುಗಾಡು' ಎಂದು ಹೆಸರು. ಮುಪ್ಪಾದವರನ್ನು ಕುರಿತು 'ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ' ಎಂಬ ಗಾದೆ. ಸಂಸಾರ ಕೆಟ್ಟವನು 'ಅಡವಿ ಪಾಲಾದ' ಎನ್ನುತ್ತಾರೆ. ಊರು ಬದುಕಿನ ಜಾಗ, ಅಡವಿ ಸಾವಿನ ಜಾಗ ಎಂಬ ಭಾವನೆ ಈ ಮಾತುಗಳ ಹಿಂದೆ ಇದೆ.

ಪ್ರತಿಯೊಂದು ಸೀಮೆಯಲ್ಲೂ 'ಅತ್ತ ಹೋಗಬೇಡ' ಎಂದು ಹಿರಿಯರು ಹೇಳುವ ಒಂದು ಗುಡ್ಡವೋ ತೋಪೋ ಇದ್ದೇ ಇರುತ್ತದೆ. ಮಟಮಟ ಮಧ್ಯಾಹ್ನ ಅಲ್ಲಿ ಹೋದರೆ ಗಾಳಿ ಸೋಕುತ್ತದೆ, ಹೊತ್ತು ಮುಳುಗಿದ ಮೇಲೆ ಹೋದರೆ ಹೆಸರು ಹಿಡಿದು ಕರೆಯುವ ದನಿ ಕೇಳಿಸುತ್ತದೆ ಎಂಬ ಮಾತು ಕೇಳಿ ಬೆಳೆಯದ ಹಳ್ಳಿಯ ಮಕ್ಕಳು ಕಡಿಮೆ. ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಇಷ್ಟೊಂದು ಕಾಡುಗಳಿರುವಾಗ ಕೆಲವು ಕಾಡುಗಳಿಗೆ ಮಾತ್ರ ಕೆಟ್ಟ ಹೆಸರು ಏಕೆ ಬಂತು? ಆ ಹೆಸರನ್ನು ಕೊಟ್ಟವರು ಯಾರು? ಅದರಿಂದ ಲಾಭವಾದದ್ದು ಯಾರಿಗೆ, ನಷ್ಟವಾದದ್ದು ಯಾರಿಗೆ? ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಸುರಪುರದ ಗುಡ್ಡಗಳಿಂದಲೇ ಪ್ರಾರಂಭಿಸಬಹುದು.

ಬಾದಶಹನ ಕೊನೆಯ ಮುತ್ತಿಗೆ

ಸುರಪುರ, ಶಹಾಪುರ ಕಡೆಯ ಕಾಡು ಮಲೆನಾಡಿನ ಕಾಡಿನಂತಲ್ಲ. ಮುಗಿಲು ಮುಟ್ಟುವ ಮರಗಳಿಲ್ಲ, ಸದಾ ಜಿನುಗುವ ಹಳ್ಳಗಳಿಲ್ಲ. ಒಂದರ ಮೇಲೊಂದು ಪೇರಿಸಿಟ್ಟಂಥ ಕಲ್ಲುಬಂಡೆಗಳು, ಅವುಗಳ ಸಂದಿಯಲ್ಲಿ ಜಾಲಿ, ಕಾರೆ, ಬಾರಿ, ಕವಳಿಯ ಮುಳ್ಳುಗಂಟಿಗಳು, ನಡುನಡುವೆ ಹಳದಿ ಹೂವಿನ ತಂಗಡಿ. ಹೊರಗಿನವನ ಕಣ್ಣಿಗೆ ಇದು ಕಾಡೆಂದೇ ತೋರಲಿಕ್ಕಿಲ್ಲ. ಆದರೆ ದಾರಿ ಬಲ್ಲವನು ಒಂದು ಬಂಡೆಯ ಮರೆಯಲ್ಲಿ ನಿಂತು ನೂರು ಜನರನ್ನು ತಡೆಯಬಲ್ಲ ಜಾಗ ಇದು. ಬೇಡ ನಾಯಕರ ಬಲವೆಲ್ಲ ಇದ್ದದ್ದು ಇಲ್ಲಿಯೇ.

ಮೊದಲು ಸಗರ ಈ ನಾಯಕರ ನೆಲೆಯಾಗಿತ್ತು. 1687ರಲ್ಲಿ ಅದು ಮೊಗಲರ ಕೈಸೇರಿತು. ಆಗ ಅವರು ವಾಗಣಗೇರಾದ ಗುಡ್ಡಗಳಲ್ಲಿ ಕೋಟೆ ಕಟ್ಟಿಕೊಂಡರು. ಪಿಡ್ಡ ನಾಯಕನ ಕಾಲಕ್ಕೆ ವಾಗಣಗೇರಾ ಎಂದರೆ ಮೊಗಲ್ ಸೈನ್ಯಕ್ಕೆ ತಲೆನೋವಿನ ಹೆಸರಾಯಿತು. ಬೇಡರು ಬಂದೂಕಿನ ಗುರಿಯಲ್ಲಿ ನಿಪುಣರು, ಇರುಳು ದಾಳಿಯಲ್ಲಿ ಇನ್ನೂ ನಿಪುಣರು. ದಂಡು ಸಾಗುವ ದಾರಿಯಲ್ಲಿ ಹಠಾತ್ತನೆ ಬಿದ್ದು, ಸಾಮಾನು ದೋಚಿ, ಬೆಳಗಾಗುವುದರೊಳಗೆ ಬಂಡೆಗಳ ನಡುವೆ ಮಾಯವಾಗುತ್ತಿದ್ದರು. 'ಬೇಡರ್' ಎಂಬ ಹೆಸರನ್ನೇ ಬಿಡಿಸಿ 'ಬೇ-ಡರ್', ಅಂದರೆ ಭಯವಿಲ್ಲದವನು ಎಂದು ಶ್ಲೇಷೆ ಮಾಡುವುದೂ ರೂಢಿಗೆ ಬಂತು.

1705ರ ಫೆಬ್ರವರಿಯಲ್ಲಿ ಔರಂಗಜೇಬನೇ ಖುದ್ದಾಗಿ ವಾಗಣಗೇರಾದ ಎದುರಿಗೆ ಬಂದು ನಿಂತ. ಆಗ ಅವನ ವಯಸ್ಸು 86. ಕಾಬೂಲಿನಿಂದ ದಕ್ಷಿಣದ ತನಕ ಆಳುತ್ತಿದ್ದ ಬಾದಶಹ, ವಿಜಾಪುರ ಮತ್ತು ಗೋಲ್ಕೊಂಡದಂಥ ಸುಲ್ತಾನಶಾಹಿಗಳನ್ನು ಮಣಿಸಿದವನು, ಒಂದು ಮುಳ್ಳುಕಾಡಿನ ನಾಯಕನ ಮೇಲೆ ತಾನೇ ದಂಡೆತ್ತಿ ಬರಬೇಕಾಯಿತು. ಮೊಗಲರು ಲಾಲ್ ಟೇಕಡಿ ಎಂದು ಕರೆದ ಒಂದು ದಿಬ್ಬವನ್ನು ಹಿಡಿದರು. ಅದನ್ನು ಬೇಡರು ಮತ್ತೆ ಕಿತ್ತುಕೊಂಡರು. ಮರಾಠರ ಧನಾಜಿ ಜಾಧವ ಬೇಡರ ಸಹಾಯಕ್ಕೆ ಬಂದ. ಒಂದು ಹಂತದಲ್ಲಿ ಪಿಡ್ಡ ನಾಯಕ ಸಂಧಾನದ ಮಾತು ಎತ್ತಿ ಕಾಲ ತಳ್ಳಿದ. ಕೊನೆಗೆ ಜುಲ್ಫಿಕರ್ ಖಾನನ ಪಡೆ ಬಂದು ನೀರಿನ ಬಾವಿಗಳನ್ನು ವಶಪಡಿಸಿಕೊಂಡ ಮೇಲೆ ಮುತ್ತಿಗೆ ಬಿಗಿಯಾಯಿತು. ಏಪ್ರಿಲ್ 27ರಂದು ಕೋಟೆ ಬಾದಶಹನ ಕೈಗೆ ಬಂತು. ಒಳಗೆ ಹೋದರೆ ನಾಯಕನೂ ಇಲ್ಲ, ಅವನ ಜನರೂ ಇಲ್ಲ. ಇರುಳಲ್ಲೇ ಅವರು ಜಾಗ ಖಾಲಿ ಮಾಡಿದ್ದರು. ಸುಮಾರು ಮೂರು ತಿಂಗಳ ಹೋರಾಟಕ್ಕೆ ಸಿಕ್ಕ ಫಲ ಬೆಂಕಿ ಬಿದ್ದ ಬರಿದಾದ ಕೋಟೆ.

ಔರಂಗಜೇಬ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಅಲ್ಲಿಂದ ಅವನು ಕೃಷ್ಣಾ ನದಿಯ ಕಡೆಗಿರುವ ದೇವಾಪುರದಲ್ಲಿ ಬೀಡುಬಿಟ್ಟ. ಅಲ್ಲಿ ಕಾಯಿಲೆ ಬಿದ್ದ. ಬಾದಶಹ ತೀರಿಹೋದರೆ ಶತ್ರುಗಳ ನಡುವೆ ತಮ್ಮ ಗತಿ ಏನು ಎಂದು ಬೀಡಿನಲ್ಲಿದ್ದವರು ಹೆದರಿದರು. ಅಕ್ಟೋಬರ್ ತಿಂಗಳವರೆಗೆ ಅಲ್ಲಿಯೇ ಇದ್ದು, ಚೇತರಿಸಿಕೊಂಡು ಉತ್ತರಕ್ಕೆ ಹೊರಟವನು 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ. ಪಿಡ್ಡ ನಾಯಕನ ಮನೆತನ ಮಾತ್ರ ಹತ್ತಿರದಲ್ಲೇ ಸುರಪುರವನ್ನು ರಾಜಧಾನಿ ಮಾಡಿಕೊಂಡು ಮತ್ತೂ ಒಂದೂವರೆ ಶತಮಾನ ಬಾಳಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ಈ ಗುಡ್ಡಗಾಡಿಗೆ ಕಳ್ಳಕಾಕರ ಬೀಡು ಎಂಬ ಹೆಸರನ್ನು ಕೊಟ್ಟವರು ಯಾರು? ಮೊಗಲರ ಇತಿಹಾಸಕಾರರು, ಆಮೇಲೆ ಆಂಗ್ಲ ಅಧಿಕಾರಿಗಳು. ಅಂದರೆ ಕಾಡಿನ ಹೊರಗೆ ನಿಂತು, ಒಳಗೆ ಬರಲಾಗದೆ ಸೋತವರು. ಒಳಗಿದ್ದವರಿಗೆ ಅದೇ ಗುಡ್ಡ ಮನೆಯಾಗಿತ್ತು, ಮರೆಯಾಗಿತ್ತು. ಅಡವಿಯ ಕೆಟ್ಟ ಹೆಸರಿನ ಮೊದಲ ಮೂಲ ಇದು: ತನಗೆ ತೆರಿಗೆ ಕೊಡದ ಜನ ಎಲ್ಲಿ ಅಡಗುತ್ತಾರೋ ಆ ಜಾಗವನ್ನು ಅರಸೊತ್ತಿಗೆ ಭಯಂಕರ ಎಂದು ಬರೆದಿಡುತ್ತದೆ.

ಇದು ಇಲ್ಲಿನ ಮಾತಷ್ಟೇ ಅಲ್ಲ. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮ್ ಸಾಮ್ರಾಜ್ಯದ ಮೂರು ದೊಡ್ಡ ಪಡೆಗಳು ಸಂಪೂರ್ಣ ನಾಶವಾದವು. ಮುಪ್ಪಿನ ಚಕ್ರವರ್ತಿ ಅಗಸ್ಟಸ್ ಆ ಸುದ್ದಿ ಕೇಳಿ ಬಹುಕಾಲ ಶೋಕಿಸಿದನೆಂದು ಹೇಳುತ್ತಾರೆ. ನಾಶವಾದ ಆ 17, 18, 19ನೆಯ ಪಡೆಗಳ ಸಂಖ್ಯೆಯನ್ನು ರೋಮನ್ನರು ಮತ್ತೆ ಯಾವ ಪಡೆಗೂ ಇಡಲಿಲ್ಲ. ಉತ್ತರದ ಕಾಡೆಂದರೆ ಕತ್ತಲು, ಕೆಸರು, ರಕ್ತ ಎಂಬ ಚಿತ್ರ ರೋಮನ್ ಬರಹಗಳಿಂದ ಮುಂದಿನ ಯೂರೋಪಿಗೆ ಬಂತು. ಅದೇ ಕಾಡು ಜರ್ಮನರ ಪಾಲಿಗೆ ಸ್ವಾತಂತ್ರ್ಯದ ಹೆಮ್ಮೆಯ ಗುರುತಾಯಿತು. ವಾಗಣಗೇರಾಕ್ಕೂ ಟ್ಯೂಟೊಬರ್ಗಿಗೂ ಹದಿನೇಳು ಶತಮಾನಗಳ ಅಂತರವಿದ್ದರೂ ಕಥೆ ಒಂದೇ.

ಮೋರ್ಯರ ಮನೆಗಳು

ಸುರಪುರಕ್ಕೆ 1841ರಲ್ಲಿ ಒಬ್ಬ ಆಂಗ್ಲ ಅಧಿಕಾರಿ ಬಂದ. ಹೆಸರು ಫಿಲಿಪ್ ಮೆಡೋಸ್ ಟೇಲರ್. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಳ್ಳುವುದು ಅವನ ಕೆಲಸ. ದಾರಿಹೋಕರನ್ನು ಕೊಲ್ಲುತ್ತಿದ್ದ ಠಕ್ಕರನ್ನು ಕುರಿತು 1839ರಲ್ಲೇ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದ ಲೇಖಕನೂ ಅವನೇ. ಹಿಂದೂಸ್ಥಾನದ ಅಡವಿಯ ದಾರಿಗಳೆಂದರೆ ಕರವಸ್ತ್ರದಿಂದ ಕತ್ತು ಬಿಗಿಯುವವರ ತಾಣ ಎಂಬ ನಡುಕವನ್ನು ಆಂಗ್ಲ ಓದುಗರಿಗೆ ಉಣಬಡಿಸಿದವರಲ್ಲಿ ಟೇಲರ್ ಮುಖ್ಯನು. ಆದರೆ ಸುರಪುರದ ಗುಡ್ಡಗಳಲ್ಲಿ ಅವನು ಹುಡುಕಿದ್ದು ಬೇರೆಯೇ ಒಂದು ಸಂಗತಿ.

ಈಗಿನ ಹುಣಸಗಿ ತಾಲ್ಲೂಕಿನ ರಾಜನಕೋಳೂರು, ಗಂಗಾವತಿ ಬಳಿಯ ಹಿರೇಬೆಣಕಲ್ ಮುಂತಾದ ಕಡೆ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಕೆಲವಕ್ಕೆ ಮುಂದಿನ ಕಲ್ಲಿನಲ್ಲಿ ದುಂಡನೆಯ ರಂಧ್ರ. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಇಂಥ ಸುಮಾರು 400 ರಚನೆಗಳಿವೆ. ಜನ ಇವುಗಳನ್ನು ಮೋರ್ಯರ ಮನೆಗಳು ಎನ್ನುತ್ತಾರೆ. ಮೋರ್ಯರೆಂದರೆ ಗೇಣುದ್ದದ ಕುಳ್ಳರು, ಅವರು ಬಂಡೆಗಳನ್ನು ಹೊತ್ತು ಮನೆ ಕಟ್ಟಿದರು, ಆಮೇಲೆ ಎಲ್ಲರೂ ಒಮ್ಮೆಗೇ ಸತ್ತುಹೋದರು ಎಂಬುದು ಕಥೆ. ಅಂಥ ಗುಡ್ಡದಲ್ಲಿ ಒಬ್ಬಂಟಿಯಾಗಿ ಕುರಿ ಮೇಯಿಸಲು ಹಿಂಜರಿಯುವುದು ಸಹಜ.

ಹೊತ್ತು ಮುಳುಗುವಾಗ ಹಿರೇಬೆಣಕಲ್ಲಿನ ಬೆಟ್ಟದಲ್ಲಿ ನಿಂತವರಿಗೆ ಆ ಹಿಂಜರಿಕೆ ಅರ್ಥವಾಗುತ್ತದೆ. ಆಳೆತ್ತರದ ಕಲ್ಮನೆಗಳ ಸಾಲು, ಊರಿನ ಬೀದಿಯಂತೆ. ಊರು ಇದೆ, ಜನ ಮಾತ್ರ ಇಲ್ಲ. ಸಂಶೋಧಕರ ಪ್ರಕಾರ ಇವು ಕಬ್ಬಿಣ ಯುಗದ, ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ತಮ್ಮ ಸತ್ತವರಿಗಾಗಿ ಕಟ್ಟಿದವು. ಟೇಲರ್ ಜೇವರ್ಗಿಯ ಕಡೆ ಇಂಥ ಕೆಲವು ಗೋರಿಗಳನ್ನು ಅಗೆಸಿದಾಗ ತಲೆ ಬೇರೆ, ಮುಂಡ ಬೇರೆಯಾಗಿ ಹೂತ ಅಸ್ಥಿಗಳು ಕಂಡುಬಂದವು. ಅದು ಬಲಿಯೇ ಇರಬೇಕೆಂದು ಅವನ ಅನುಮಾನ. ಅದೇನೇ ಇರಲಿ, 'ಅಲ್ಲಿ ಸತ್ತವರಿದ್ದಾರೆ' ಎಂದು ಹೇಳುತ್ತ ಬಂದ ಕುರಿಗಾಹಿಯ ಮಾತು ಸುಳ್ಳಾಗಲಿಲ್ಲ. ಕಟ್ಟಿದವರ ಭಾಷೆ, ಹೆಸರು ಎಲ್ಲ ಅಳಿದ ಮೇಲೂ ಆ ಜಾಗ ಮಸಣವೆಂಬ ನೆನಪು ಭಯದ ರೂಪದಲ್ಲಿ ಉಳಿದುಬಂದಿತ್ತು. ಹಿರೇಬೆಣಕಲ್ ಈಗ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿದೆ. 2021ರಲ್ಲಿ ಆ ಗೌರವ ಸಿಕ್ಕಿತು. ಜನ ಹೆದರಿ ದೂರ ಇದ್ದದ್ದರಿಂದಲೇ ಇಷ್ಟಾದರೂ ಕಲ್ಲುಗಳು ಉಳಿದವು ಎಂದರೆ ತಪ್ಪಾಗಲಾರದು.

ಟೇಲರ್ ಬೆಳೆಸಿದ ವೆಂಕಟಪ್ಪ ನಾಯಕನ ಕಥೆ ಸುರಪುರದವರಿಗೆ ಹೊಸದಲ್ಲ. 1858ರ ಫೆಬ್ರವರಿಯಲ್ಲಿ ಆಂಗ್ಲರ ದಂಡು ಸುರಪುರದ ಮೇಲೆ ಬಂದಾಗ ಬೇಡರು ಹೋರಾಡಿದರು. ಕ್ಯಾಪ್ಟನ್ ನ್ಯೂಬರಿ ಮಡಿದ. ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಬಹುಕಾಲ ಹೊರಗಿನವರನ್ನು ಹೆದರಿಸಿದ ಗುಡ್ಡಗಳು ಅಂದಿನಿಂದ ಬರಿಯ ಗುಡ್ಡಗಳಾದವು.

ಕಾಡಿನ ಹೆಸರಿನ ಕಾಯಿಲೆ

ಭಯಕ್ಕೆ ಎರಡನೆಯ ಮೂಲ ರೋಗ. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಅಲ್ಲಿನ ನೀರು ಕೆಟ್ಟದ್ದು, ಗಾಳಿ ಕೆಟ್ಟದ್ದು, ಹೋದವರು ಚಳಿಜ್ವರ ಹಿಡಿದು ಸಾಯುತ್ತಾರೆ ಎನ್ನುತ್ತಿದ್ದರು. ಅದು ದೆವ್ವದ ಕೆಲಸವಲ್ಲ, ಸೊಳ್ಳೆಯ ಕೆಲಸ, ಮಲೇರಿಯಾ ಎಂದು ತಿಳಿದದ್ದು ಆಮೇಲೆ. ಹಿಮಾಲಯದ ತಪ್ಪಲಿನ ತರಾಯಿ ಕಾಡಿಗೂ ಇದೇ ಕೆಟ್ಟ ಹೆಸರಿತ್ತು. 1950ರ ದಶಕದಲ್ಲಿ ಡಿಡಿಟಿ ಸಿಂಪಡಿಸಿ ಮಲೇರಿಯಾ ಹತೋಟಿಗೆ ಬರುತ್ತಿದ್ದಂತೆ ಜನ ತಂಡತಂಡವಾಗಿ ಅಲ್ಲಿಗೆ ಹೋಗಿ ಕಾಡು ಕಡಿದು ಹೊಲ ಮಾಡಿದರು.

ಒಂದು ಕಾಡಿನ ಹೆಸರೇ ಒಂದು ಕಾಯಿಲೆಗೆ ಶಾಶ್ವತವಾಗಿ ಅಂಟಿಕೊಂಡ ಉದಾಹರಣೆಯೂ ಕರ್ನಾಟಕದಲ್ಲೇ ಇದೆ. 1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದೊಂದಾಗಿ ಸತ್ತು ಬೀಳತೊಡಗಿದವು. ಕೆಲವೇ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಜನರೂ ಹಾಸಿಗೆ ಹಿಡಿದರು. ಏಕಾಏಕಿ ಸುಡುವ ಜ್ವರ, ತಲೆ ಸಿಡಿಯುವ ನೋವು, ಕೆಲವರಿಗೆ ಮೂಗು ಮತ್ತು ವಸಡಿನಿಂದ ರಕ್ತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದುದರಿಂದ ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ. ಪರೀಕ್ಷಿಸಿದಾಗ ಸಿಕ್ಕಿದ್ದು ಜಗತ್ತು ಅದುವರೆಗೆ ಕಾಣದ ಹೊಸ ವೈರಸ್. ಅದರ ಹತ್ತಿರದ ಬಂಧು ಇದ್ದದ್ದು ರಷ್ಯದ ಕಾಡುಗಳಲ್ಲಿ! ವಿಜ್ಞಾನಿಗಳು ರೋಗಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು: ಕ್ಯಾಸನೂರು ಅರಣ್ಯ ಕಾಯಿಲೆ. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಹೆಸರು ಮಂಗನದಾದರೂ ರೋಗ ಹರಡುವುದು ಉಣುಗು. ಕಾಡಿನ ಇಲಿ, ಹೆಗ್ಗಣಗಳಂಥ ಸಣ್ಣ ಪ್ರಾಣಿಗಳಲ್ಲಿ ಮತ್ತು ಉಣುಗುಗಳಲ್ಲಿ ವೈರಸ್ ಬಾಳುತ್ತದೆ. ಸಾಸಿವೆ ಕಾಳಿನಷ್ಟಿರುವ ಮರಿ ಉಣುಗು ಕಚ್ಚಿದರೆ ಮನುಷ್ಯನಿಗೆ ಬರುತ್ತದೆ. ಮಂಗಗಳೂ ಮನುಷ್ಯರಂತೆಯೇ ಈ ರೋಗದ ಬಲಿಪಶುಗಳು. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ಸುತ್ತಲ ನೆಲದಲ್ಲಿ ಹರಡಿಕೊಳ್ಳುವುದರಿಂದ ಆ ಜಾಗ ಅಪಾಯಕಾರಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಹಾವಳಿ ಹೆಚ್ಚು. ಅದು ದರಕು ಗುಡಿಸಲು, ಸೌದೆ ತರಲು, ದನ ಮೇಯಿಸಲು ಜನ ಕಾಡಿಗೆ ಹೋಗುವ ಕಾಲ. ರೋಗ ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ.

ಈ ವೈರಸ್ ಹೊರಗಿನಿಂದ ಬಂದದ್ದಲ್ಲ, ಕಾಡಿನಲ್ಲಿ ಮೊದಲಿನಿಂದಲೂ ಸದ್ದಿಲ್ಲದೆ ಇತ್ತು ಎಂಬುದು ವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಹಾಗಾದರೆ 1957ರಲ್ಲಿ ಏಕೆ ಎದ್ದಿತು? ಹಳ್ಳಿಗಳು ಬೆಳೆದವು, ಕಾಡು ಕಡಿದು ಗದ್ದೆಯಾಯಿತು, ಕಾಡಿನ ಅಂಚಿನಲ್ಲಿ ದನಗಳು ಹೆಚ್ಚಿದವು. ದನದ ಮೈಯಲ್ಲಿ ರಕ್ತ ಕುಡಿದು ಉಣುಗುಗಳು ಸಾವಿರಗಟ್ಟಲೆಯಾದವು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಗೇರು ತೋಟಕ್ಕಾಗಿ ಕಾಡನ್ನು ಬೋಳಿಸಿದ ಬೆನ್ನಿಗೇ ಅಲ್ಲಿ ರೋಗ ಭೀಕರವಾಗಿ ಹಬ್ಬಿದ್ದು ಈ ವಾದಕ್ಕೆ ಬಲವಾದ ಸಾಕ್ಷಿ. ಕಾಡು ಮನುಷ್ಯನ ಮೇಲೆ ಬಿತ್ತು ಎಂದು ಕಂಡದ್ದು ಮನುಷ್ಯ ಕಾಡಿನ ಮೇಲೆ ಬಿದ್ದದ್ದರ ಫಲವಾಗಿತ್ತು.

ಕಾಯಿಲೆ ಈಗ ಕ್ಯಾಸನೂರಿನಲ್ಲಷ್ಟೇ ಉಳಿದಿಲ್ಲ. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿತು. ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಹಬ್ಬಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳು ಸಂಭವಿಸಿದಾಗ ಇಡೀ ಮಲೆನಾಡು ತಲ್ಲಣಿಸಿತು. ದಶಕಗಳಿಂದ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲ ಎಂದು 2022ರಲ್ಲಿ ನಿಲ್ಲಿಸಲಾಯಿತು. ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ, ಮೈತುಂಬ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಇವೇ ಸದ್ಯದ ರಕ್ಷಣೆ. ಹಾಗೆಯೇ ಮಂಗ ಸತ್ತದ್ದು ಕಂಡರೆ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು. ಇಲ್ಲಿ ಭಯ ವ್ಯರ್ಥವಲ್ಲ; ಆದರೆ ಎಲ್ಲಿ, ಯಾವಾಗ, ಯಾವುದಕ್ಕೆ ಹೆದರಬೇಕೆಂಬ ತಿಳಿವಳಿಕೆ ಅದರ ಜೊತೆಗಿರಬೇಕು.

ಗಂಧದ ಕಾಡು, ರಕ್ತದ ಕಾಡು

ಮೂರನೆಯ ಮೂಲ ದರೋಡೆ. ಇದಕ್ಕೆ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಿಗಿಂತ ಬೇರೆ ಉದಾಹರಣೆ ಬೇಕಿಲ್ಲ. ಮಹದೇಶ್ವರ ಹುಲಿಯ ಮೇಲೆ ಸವಾರಿ ಮಾಡಿದ ಆ ಎಪ್ಪತ್ತೇಳು ಮಲೆಗಳು ಭಕ್ತರಿಗೆ ಪುಣ್ಯಭೂಮಿ. ಅದೇ ಮಲೆಗಳು ಎರಡು ದಶಕ ಕಾಲ ದೇಶದ ಕಣ್ಣಿಗೆ ವೀರಪ್ಪನ್ ಕಾಡಾದವು.

1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗತಿಯ ನೆಪದಲ್ಲಿ ಕರೆಸಿಕೊಂಡು ಕೊಲ್ಲಲಾಯಿತು. ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲಿಯೇ ಜನರಿಗೆ ಮನೆ ಕಟ್ಟಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟಿದ್ದ ಅಧಿಕಾರಿ ಅವರು. ಬಂದೂಕಿಗಿಂತ ಹಳ್ಳಿಗರ ವಿಶ್ವಾಸವೇ ದೊಡ್ಡದೆಂದು ನಂಬಿದ್ದ ಅವರಿಗೆ ಮರಣೋತ್ತರವಾಗಿ ಕೀರ್ತಿ ಚಕ್ರ ಸಂದಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಲಾಯಿತು. 'ಬೇಡರ ಕಣ್ಣಪ್ಪ'ನಾಗಿ 1954ರಲ್ಲಿ ನಾಯಕ ಪಾತ್ರಕ್ಕೆ ಬಂದ ನಟ, 1973ರಲ್ಲಿ 'ಗಂಧದ ಗುಡಿ'ಯಲ್ಲಿ ಕಳ್ಳಸಾಗಣೆದಾರರನ್ನು ಸದೆಬಡಿದ ಅರಣ್ಯಾಧಿಕಾರಿಯಾಗಿ ಮೆರೆದವರು, ನಿಜವಾದ ಗಂಧಚೋರನ ಕೈಯಲ್ಲಿ 108 ದಿನ ಕಾಡಿನಲ್ಲಿ ಕಳೆಯಬೇಕಾಯಿತು. ಆ ದಿನಗಳಲ್ಲಿ ಕರ್ನಾಟಕದ ಮನೆಮನೆಯಲ್ಲೂ ಕಾಡಿನದೇ ಮಾತು. 2002ರಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅಪಹರಣಕ್ಕೊಳಗಾದರು. ಅವರು ಜೀವಂತ ಹಿಂತಿರುಗಲಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ತಮಿಳುನಾಡು ಪೊಲೀಸರ ಗುಂಡಿಗೆ ಬಲಿಯಾದ.

ಇಷ್ಟು ಎಲ್ಲರೂ ಬಲ್ಲ ಕಥೆ. ಅಷ್ಟಾಗಿ ಹೇಳದ ಕಥೆಯೊಂದಿದೆ. ಕಾಡಿಗೆ ಕೆಟ್ಟ ಹೆಸರು ಬಂದಾಗ ಅದು ಕಾಡಿನೊಳಗೆ ಬಾಳುವವರ ಹಣೆಗೂ ಅಂಟುತ್ತದೆ. ಕಳ್ಳನಿಗೆ ಅಕ್ಕಿ ಕೊಟ್ಟರೆಂದು ಪೊಲೀಸರು ಹಿಡಿಯುತ್ತಿದ್ದರು. ಪೊಲೀಸರಿಗೆ ಸುದ್ದಿ ಕೊಟ್ಟರೆಂದು ಕಳ್ಳ ಕೊಲ್ಲುತ್ತಿದ್ದ. ಸೋಲಿಗರೂ ಬಡ ಹಳ್ಳಿಗರೂ ಇವೆರಡರ ನಡುವೆ ಅರೆದುಹೋದರು. ವಿಶೇಷ ಕಾರ್ಯಪಡೆಯ ದೌರ್ಜನ್ಯಗಳ ಬಗ್ಗೆ ದೂರುಗಳು ಬಂದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣೆ ನಡೆಸಿತು. 2007ರಲ್ಲಿ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಆಯೋಗ ಸೂಚಿಸಿತು. ಮೊಗಲರು ಹಾಗೂ ಆಂಗ್ಲರು ಬೇಡರ ಇಡೀ ಕುಲವನ್ನು ಲೂಟಿಕೋರರೆಂದು ಬರೆದದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ವೀರಪ್ಪನ್ ಭಯ ಇದ್ದಷ್ಟು ಕಾಲ ಆ ಕಾಡಿಗೆ ಗಣಿಯವರು, ರೆಸಾರ್ಟಿನವರು ಕಾಲಿಡಲಿಲ್ಲ ಎಂದು ಕೆಲವರು ಹೇಳುವುದುಂಟು. ಆದರೆ ಅದೇ ಕಾಲದಲ್ಲಿ ದಂತಕ್ಕಾಗಿ ಆನೆಗಳು ಸತ್ತವು, ಗಂಧದ ಮರಗಳು ಉರುಳಿದವು ಎಂಬುದನ್ನು ಮರೆಯುವಂತಿಲ್ಲ. ಕಳ್ಳನ ಭಯ ಕಾಡನ್ನು ಕಾಯುವುದಿಲ್ಲ. 2013ರಲ್ಲಿ ಮಲೆ ಮಹದೇಶ್ವರ ವನ್ಯಜೀವಿ ಧಾಮ ರೂಪುಗೊಂಡಿತು. ಹುಲಿಗಳು ಮತ್ತೆ ಕಂಡವು. ಆದರೆ 2025ರ ಜೂನ್‌ನಲ್ಲಿ ಅದೇ ಧಾಮದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಮಾಂಸ ತಿಂದು ಒಟ್ಟಿಗೆ ಸತ್ತವು. ಮಹದೇಶ್ವರನ ವಾಹನಕ್ಕೇ ಹಾಗಾಯಿತು. ಹುಲಿಯ ಮೇಲಿನ ಭಕ್ತಿ, ಹುಲಿಯ ಮೇಲಿನ ಭಯ ಎರಡೂ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ದೇವರು ಕಾಯ್ದ ಕಾಡು

ನಾಲ್ಕನೆಯ ಮೂಲ ದೇವರು. ಕೊಡಗಿನ ದೇವರಕಾಡುಗಳಲ್ಲಿ, ಕರಾವಳಿಯ ನಾಗಬನಗಳಲ್ಲಿ ಕಡ್ಡಿ ಮುರಿಯಲೂ ಜನ ಹೆದರುತ್ತಿದ್ದರು. ಕೊಂಬೆ ಕಡಿದರೆ ರಕ್ತ ಕಾರಿ ಸಾಯುತ್ತಾರೆ, ಮನೆತನಕ್ಕೆ ಕೇಡು ತಟ್ಟುತ್ತದೆ ಎಂಬ ನಂಬಿಕೆ. ಊರಿಗೆ ನೀರು ಕೊಡುವ ಹಳ್ಳದ ಮೂಲ, ಔಷಧಿಯ ಬೇರು, ಜೇನು, ಹಕ್ಕಿ ಇವೆಲ್ಲ ಆ ಭಯದ ಬೇಲಿಯೊಳಗೆ ಸುರಕ್ಷಿತವಾಗಿದ್ದವು. ಆ ಬೇಲಿಗೆ ಕಾವಲುಗಾರನ ಸಂಬಳವೂ ಬೇಕಿರಲಿಲ್ಲ.

ಬೇಲಿ ಸಡಿಲವಾದಾಗ ಏನಾಯಿತು? ಕೊಡಗಿನಲ್ಲಿ 1873ರ ಲೆಕ್ಕದಂತೆ 15,506 ಎಕರೆ ದೇವರಕಾಡು ಇತ್ತು. 1985ರ ಹೊತ್ತಿಗೆ ಉಳಿದದ್ದು 6,299 ಎಕರೆ. ಉಳಿದದ್ದೆಲ್ಲ ಹೆಚ್ಚಾಗಿ ಕಾಫಿ ತೋಟಗಳಿಗೆ, ಒತ್ತುವರಿಗೆ ಹೋಯಿತು. ಕರಾವಳಿಯಲ್ಲಿ ಎಷ್ಟೋ ನಾಗಬನಗಳು ಮರಗಳನ್ನು ಕಳೆದುಕೊಂಡು ಸಿಮೆಂಟಿನ ಕಟ್ಟೆಗಳಾಗಿವೆ. ನಾಗನಿಗೆ ಪೂಜೆ ತಪ್ಪಿಲ್ಲ, ನೆರಳು ತಪ್ಪಿದೆ. ಕಾಫಿಯ ಬೆಲೆಯ ಮುಂದೆ ದೇವರ ಶಾಪ ಸೋತಿತು. ಹೀಗಾಗಿ ಭಯವೊಂದನ್ನೇ ನೆಚ್ಚಿ ಕಾಡು ಉಳಿಸಲಾಗದು ಎಂಬುದೂ ಸ್ಪಷ್ಟ.

ಪಾಳುಭೂಮಿ ಎಂಬ ಹೊಸ ಹೆಸರು

ಕೊನೆಯದಾಗಿ ಮತ್ತೆ ಸುರಪುರ ಸೀಮೆಗೆ ಬರೋಣ. ಬಾದಶಹನನ್ನು ತಡೆದ ಆ ಮುಳ್ಳುಕಾಡಿನ ಸ್ಥಿತಿ ಇಂದು ಏನು? ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಕಾಲುವೆಗಳು ಬಂದ ಮೇಲೆ ನೀರು ಹರಿದ ಕಡೆ ಭತ್ತ, ಮೆಣಸಿನಕಾಯಿ, ಹತ್ತಿ ಬೆಳೆಯುತ್ತಿವೆ. ರೈತನಿಗೆ ಅದರಿಂದ ಅನ್ನ ಸಿಕ್ಕಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಉಳಿದ ಗುಡ್ಡಗಳಿಗೆ ಕಲ್ಲುಗಣಿ ಬಂದಿದೆ. ಹಳೆಯ ಕಾರೆ, ಕವಳಿಗಳಿದ್ದಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಕಾಗದಪತ್ರಗಳಲ್ಲಿ ಇಂಥ ಕುರುಚಲು ನೆಲಕ್ಕೆ 'ಬಂಜರು', 'ಪಾಳುಭೂಮಿ' ಎಂಬ ಹೆಸರು. ಹಿಂದೆ ಭಯಂಕರ ಎಂದವರಾದರೂ ಆ ಕಾಡಿಗೆ ಒಂದು ಗೌರವ ಕೊಟ್ಟಿದ್ದರು. ಈಗಿನ ಹೆಸರು ಅಲ್ಲಿ ಏನೂ ಇಲ್ಲ ಎನ್ನುತ್ತದೆ. ಏನೂ ಇಲ್ಲದ ಜಾಗವನ್ನು ಯಾರು ಏನು ಮಾಡಿದರೂ ಕೇಳುವವರಿಲ್ಲ. ಒಂದು ಅಡವಿಗೆ ಕೊಡಬಹುದಾದ ಅತ್ಯಂತ ಕೆಟ್ಟ ಹೆಸರು ಇದೇ ಇರಬೇಕು.

ಆದರೆ ಅಲ್ಲಿ ಏನೂ ಇಲ್ಲವೆಂಬುದು ನಿಜವಲ್ಲ. ಹುಣಸಗಿ, ಬೈಚಬಾಳ ಕಣಿವೆಯಲ್ಲಿ ಹತ್ತು ಲಕ್ಷ ವರ್ಷಗಳಿಗೂ ಹಿಂದಿನ ಆದಿಮಾನವನ ಕಲ್ಲಿನ ಉಪಕರಣಗಳು ಸಿಕ್ಕಿವೆ. ಇಸಾಂಪುರದಲ್ಲಿ ಆ ಉಪಕರಣಗಳನ್ನು ತಯಾರಿಸುತ್ತಿದ್ದ ಜಾಗವನ್ನೇ ಪ್ರೊ. ಕೆ. ಪದ್ದಯ್ಯ ಅವರು ಉತ್ಖನನ ಮಾಡಿ ತೋರಿಸಿದ್ದಾರೆ. ದೇಶದ ಅತಿ ಹಳೆಯ ಮಾನವ ನೆಲೆಗಳಲ್ಲಿ ಇದೂ ಒಂದು. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಪ್ರಾಚೀನ ಗುಂಡುಗಳ ಬಯಲಿದೆ. ಮನುಷ್ಯ ಊರು ಕಟ್ಟುವ ಮೊದಲು ಬಾಳಿದ್ದು ಇದೇ ಅಡವಿಯಲ್ಲಿ. ಅಡವಿ ಸಾವಿನ ಜಾಗ ಎಂಬ ಗಾದೆಗಿಂತ ಅಡವಿ ತವರುಮನೆ ಎಂಬ ಸತ್ಯ ಹಳೆಯದು.

ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಇಂಥದೇ ಕುರುಚಲು ಕಾಡನ್ನು ತೋಳಗಳ ಧಾಮವನ್ನಾಗಿ ಮಾಡಲಾಗಿದೆ. ಕುರಿಗಾಹಿಗಳು ತಲೆಮಾರುಗಳಿಂದ ಹೆದರುತ್ತ ಬಂದ ಪ್ರಾಣಿ ತೋಳ. ಹಟ್ಟಿಗೆ ನುಗ್ಗಿ ಮರಿ ಒಯ್ಯುವ ತೋಳಕ್ಕೂ ಬದುಕಲು ಒಂದಿಷ್ಟು ಮುಳ್ಳುಕಂಟಿ ಬೇಕೆಂದು ಒಪ್ಪಿಕೊಂಡದ್ದು ದೊಡ್ಡ ಮಾತು. ಕುರಿ ಕಳೆದುಕೊಂಡವನಿಗೆ ಪರಿಹಾರದ ಹಣ ಸಕಾಲಕ್ಕೆ ಸಿಗುವುದೂ ಅಷ್ಟೇ ಮುಖ್ಯ. ಇಲ್ಲವಾದರೆ ಮಹದೇಶ್ವರ ಬೆಟ್ಟದ ವಿಷ ಇಲ್ಲಿಗೂ ಬರಲು ತಡವಾಗದು.

ದೆವ್ವದ ಭಯ ಹೋಗಲಿ, ಬೇಸರವಿಲ್ಲ. ಅದು ಹೋದ ಜಾಗದಲ್ಲಿ ಬೇರೇನಾದರೂ ಬಂದು ಕೂರಬೇಕಲ್ಲ? ಉಣುಗಿನ ಬಗೆಗಿನ ತಿಳಿವಳಿಕೆ, ಕಲ್ಮನೆ ಕಟ್ಟಿದವರ ಬಗೆಗಿನ ಗೌರವ, ಕಾಡಿನಂಚಿನ ಬಡವನ ಬಗೆಗಿನ ನ್ಯಾಯ ಬಂದರೆ ಅಡವಿ ಉಳಿದೀತು. ಯಾವುದೂ ಬಾರದಿದ್ದರೆ ಕ್ರಷರ್ ಬರುತ್ತದೆ. ರಂಗಂಪೇಟೆಯ ಹಿರಿಯರು ತಮಗೆ ಗೊತ್ತಿರುವ ಗುಡ್ಡಗಳ ಹೆಸರು, ಆ ಹೆಸರಿನ ಹಿಂದಿನ ಕಥೆ, ಅಲ್ಲಿನ ಗಿಡಗಂಟಿಗಳ ಉಪಯೋಗ ಇವನ್ನು ಮೊಮ್ಮಕ್ಕಳಿಗೆ ಹೇಳಿಕೊಟ್ಟರೆ ಅದೇ ಒಂದು ಆರಂಭ. ಹೆಸರು ಗೊತ್ತಿರುವ ಗುಡ್ಡವನ್ನು ಪಾಳುಭೂಮಿ ಎಂದು ಬರೆಯುವುದು ಯಾರಿಗೂ ಅಷ್ಟು ಸುಲಭವಲ್ಲ.